ನಿಂಬೆವ್ವನ ಹೆಪ್ಪು

ಎರಡನೆಯ ಗಾಳಿಯ ತೊಂಬತ್ತೊಂದನೆಯ ವರ್ಷ,
ನಡುಬೇಸಿಗೆ ತಿಂಗಳ ನಲವತ್ತನೆಯ ದಿನ,
ಮರಳದಿಬ್ಬ

ಹಿಂದಿನ ಕಾಲದವರಿಗೆ ಮರಳದಿಬ್ಬದ ಫಕೀರವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಬೇಸಿಗೆ ವರ್ಷದಿಂದ ವರ್ಷಕ್ಕೆ ಉದ್ದವಾದಾಗ ಅದಕ್ಕೊಂದು ಹೊಸ ತಿಂಗಳ ಹೆಸರು ಹುಡುಕುವ ಉಸಾಬರಿ ಯಾರಿಗೂ ಬೇಕಿರಲಿಲ್ಲ. ಇದ್ದ ತಿಂಗಳನ್ನೇ ಎಳೆದು ಉದ್ದ ಮಾಡಿದರು. ಎರಡನೆಯ ಗಾಳಿ ಎಂದರೆ ಆಕಾಶದ ಪರದೆ ತೆಳ್ಳಗಾಗಿ ಬಿಸಿಲು ಕಣ್ಣು ತಿನ್ನಲು ಶುರುವಾದ ಮೇಲಿನ ಕಾಲ. ಮೊದಲನೆಯ ಗಾಳಿ ನೀವು ಈಗ ಉಸಿರಾಡುತ್ತಿರುವುದು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ಕಷ್ಟವೇ. ಹುಟ್ಟಿದ ಕಾಲ ನೋಡಿದರೆ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿಗಿಂತ ಹಿರಿಯರು. ಆದರೆ ಇದನ್ನು ಓದುತ್ತಿರುವವರು ಮೀಸೆ ಚಿಗುರದ ಹುಡುಗರೂ ಇರಬಹುದು. ಹಿರಿಯರೇ ಎಂದೇ ಕರೆಯುತ್ತೇನೆ. ಹಾಗೆಂದ ಮಾತ್ರಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ತಿಳಿಯಬೇಡಿ. ಇದೆ. ನಮ್ಮವರ ಮೇಲೆ ಅದಕ್ಕಿಂತ ಹೆಚ್ಚಿದೆ.

ನಮ್ಮೂರು ತುಂಗಭದ್ರೆ ಹಿಂದೆ ಹರಿಯುತ್ತಿದ್ದ ಜಾಗದ ದಂಡೆಯ ಮೇಲಿದೆ. ಹೊಳೆ ಈಗ ಮಳೆಗಾಲದಲ್ಲಿ ಬಂದು ಮುಖ ತೋರಿಸಿ ಹೋಗುತ್ತದೆ. ಓಣಿಗಳಿಗೆಲ್ಲ ಮೇಲೆ ದಪ್ಪ ಬಟ್ಟೆಯ ಚಪ್ಪರ. ಅದರ ನೆರಳು ಬಿಟ್ಟು ಆಚೆ ಹೋಗಬೇಕಾದರೆ ಮೊಗಗೂಡು ಹಾಕಿಕೊಳ್ಳಬೇಕು, ಅಂದರೆ ಈಚಲು ಗರಿಯಲ್ಲಿ ಹೆಣೆದ, ಹೆಗಲವರೆಗೆ ಇಳಿಯುವ ಮುಸುಕು. ಅದನ್ನು ಹಾಕಿಕೊಂಡ ಮೇಲೆ ಗಂಡ ಯಾರು ಮೈದುನ ಯಾರು ಎಂದು ನಡಿಗೆಯಿಂದಲೇ ಗುರುತು ಹಿಡಿಯಬೇಕು. ಹೊಸ ಸೊಸೆಯಂದಿರ ಪಾಡು ನೋಡಿ ನಾವು ನಗುವುದುಂಟು. ಹೊಲಗಳೂ ಚಪ್ಪರದ ಕೆಳಗೇ. ನೆರಳಿನಲ್ಲಿ ಬೆಳೆದ ಪಲ್ಯಕ್ಕೆ ಬಣ್ಣ ಎಲ್ಲಿಂದ ಬರಬೇಕು? ನಮ್ಮ ಬದನೆ ಬಿಳಿ, ನೀವು ಕ್ಯಾರೆಟ್ ಎನ್ನುವ ಗಜ್ಜರಿ ಬಿಳಿ, ಮೆಣಸಿನಕಾಯಿಯೂ ಬಿಳಿ. ಖಾರವೇನೋ ಇದೆ, ಆದರೆ ಅದರ ಸಾರು ನೋಡಿದರೆ ನಿಮಗೆ ಕಾಯಿಲೆಯವರ ಗಂಜಿ ಅನಿಸೀತು. ನಮ್ಮ ಮಕ್ಕಳು ಕೆಂಪು ಬಣ್ಣವನ್ನು ಮೊದಲು ಕಲಿಯುವುದು ಅಡುಗೆಮನೆಯ ಮೂಲೆಯ ಗಡಿಗೆಯಲ್ಲಿ.

ಆ ಗಡಿಗೆಯ ವಿಷಯಕ್ಕೇ ಈ ಕಾಗದ. ಬಿಸಿಲು ಮೈಗೆ ಮಾಡುವುದನ್ನು ನಾವು ತುಕ್ಕು ಎನ್ನುತ್ತೇವೆ. ಅದು ಮೊದಲು ಹಿಡಿಯುವುದು ಕಣ್ಣಿನ ಒಳಪರದೆಯನ್ನು. ತಡೆಯುವ ವಸ್ತುವನ್ನು ನೀವು ಆಂಟಿಆಕ್ಸಿಡೆಂಟ್ ಎಂದು ಕರೆದು, ಡಬ್ಬಿಗಳ ಮೇಲೆ ದೊಡ್ಡದಾಗಿ ಬರೆದು, ಮುಖಕ್ಕೂ ಹಚ್ಚಿಕೊಳ್ಳುತ್ತಿದ್ದಿರಂತೆ. ನಿಮಗದು ಚೆಂದ ಕಾಣುವುದಕ್ಕೆ, ನಮಗೆ ಕಣ್ಣು ಕಾಣುವುದಕ್ಕೆ. ನಾವದನ್ನು ಬರೀ ಕೆಂಪು ಎನ್ನುತ್ತೇವೆ, ಬೆಳಿಗ್ಗೆ ಎದ್ದು ಮುಖ ತೊಳೆದು ಒಂದು ಬಟ್ಟಲು ಕುಡಿಯುತ್ತೇವೆ. ನಿಮ್ಮ ಕಾಲದಲ್ಲಿ ಯಾರೋ ಜಾಣರು ಮೆಣಸಿನಕಾಯಿಯ ಕೆಂಪಿಗೆ ಕಾರಣವಾದ ಜೀನುಗಳನ್ನು ತೆಗೆದು ಯೀಸ್ಟಿನೊಳಗೆ ಕೂಡಿಸಿದರು. ಜೋಳದ ಗಂಜಿಗೆ ಬೆಲ್ಲದ ನೀರು ಬೆರೆಸಿ, ಅದಕ್ಕೆ ಈ ಯೀಸ್ಟಿನ ಹೆಪ್ಪು ಹಾಕಿ, ಗಡಿಗೆಯನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಎರಡು ದಿನಕ್ಕೆ ನೊರೆ ಬಂದು, ಹುಳಿ ವಾಸನೆ ಎದ್ದು, ಗಂಜಿ ಕೆಂಪಾಗುತ್ತದೆ. ಮೆಣಸಿನ ಗಿಡಕ್ಕೆ ಒಂದು ಬೇಸಾಯದ ಕಾಲವಿಡೀ ಹಿಡಿಯುತ್ತಿದ್ದ ಕೆಲಸ ಕಣ್ಣಿಗೆ ಕಾಣದ ಈ ಜೀವ ಅಡುಗೆಮನೆಯಲ್ಲೇ ಮುಗಿಸಿಕೊಡುತ್ತದೆ. ಅದನ್ನು ಮಾಡಿದವರ ಕೈಗೆ ನಾನು ಈಗಲೂ ಮುಗಿಯುತ್ತೇನೆ. ಆದರೆ ಅವರು ಯೀಸ್ಟಿನ ಸ್ವಭಾವ ನೋಡಿದರೇ ಹೊರತು ನಮ್ಮ ಸ್ವಭಾವ ನೋಡಲಿಲ್ಲ.

ಕೆಂಪು ತಯಾರಿಸುವುದು ಯೀಸ್ಟಿಗೆ ಪುಕ್ಕಟೆ ದುಡಿಮೆ. ಅದರಿಂದ ಅದಕ್ಕೇನೂ ಸಿಗುವುದಿಲ್ಲ. ಹಾಗಾಗಿ ಕೋಟಿಗಟ್ಟಲೆ ಕಣಗಳಲ್ಲಿ ಎಲ್ಲೋ ಒಂದು ಆ ಕೆಲಸ ಮರೆತುಬಿಡುತ್ತದೆ. ನಾವದನ್ನು ಬಿಳಿಚು ಎನ್ನುತ್ತೇವೆ. ಬಿಳಿಚಿಗೆ ದುಡಿಮೆಯಿಲ್ಲ, ತಿನ್ನುವುದು ಮತ್ತು ಮರಿ ಹಾಕುವುದು ಎರಡೇ ಕೆಲಸ, ಆದ್ದರಿಂದ ಬೇಗ ಹಿಗ್ಗುತ್ತದೆ. ನಿನ್ನೆಯ ಗಡಿಗೆಯಿಂದ ಇಂದಿನದಕ್ಕೆ, ಇಂದಿನದರಿಂದ ನಾಳೆಗೆ ಎಂದು ಹೆಪ್ಪು ಹಾಕುತ್ತ ಹೋದರೆ ಕೊನೆಗೆ ಗಡಿಗೆ ತುಂಬ ಬಿಳಿಚೇ. ಆಗಾಗ ಮೂಲ ಹೆಪ್ಪಿನಿಂದ ಹೊಸದಾಗಿ ಶುರುಮಾಡಿ ಎಂದು ಮೊದಲು ಕೊಟ್ಟವರು ಹೇಳಿದ್ದರಂತೆ. ಮೂಲ ಹೆಪ್ಪು ಕೆಂಪಿನ ಉಸ್ತುವಾರಿ ನೋಡುವ ತುಕ್ಕುಕಾವಲು ಮಂಡಳಿಯ ತಂಪುಪೆಟ್ಟಿಗೆಯಲ್ಲಿತ್ತು. ಕರೆಂಟು ಕೈಕೊಟ್ಟ ಒಂದು ದೊಡ್ಡ ಬೇಸಿಗೆಯಲ್ಲಿ ಅದು ಕೊಳೆಯಿತು. ಮಂಡಳಿಯವರು ಅದನ್ನು ಯಾರಿಗೂ ಹೇಳಲಿಲ್ಲ. ಈಚೆಗೆ ನಾನು ಹೋಗಿ ವಿಚಾರಿಸುವವರೆಗೆ ಯಾರೂ ಕೇಳಲೂ ಇಲ್ಲ. ಹೆಪ್ಪು ಬೇಕಾದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವವರು ನಾವು, ಮಂಡಳಿಗೆ ಯಾಕೆ ಹೋಗುತ್ತೇವೆ?

ಇನ್ನು ನಮ್ಮ ಹೆಚ್ಚುಗಾರಿಕೆ ಕೇಳಿ. ಹೆಪ್ಪು ಎಂದರೆ ನಮ್ಮಲ್ಲಿ ಮನೆಯ ಮುತ್ತೈದೆ ಇದ್ದ ಹಾಗೆ. ಅದನ್ನು ಬರಿದಾಗಿ ಹೊಸ್ತಿಲು ದಾಟಿಸಬಾರದು. ಕೊಡುವಾಗ ಕೊಡುವವಳು ಒಂದು ಚಿಟಿಕೆ ಕೆಂಪುಮಣ್ಣಿನ ಪುಡಿ ಹಾಕುತ್ತಾಳೆ, ತಂದವಳು ತನ್ನ ಗಡಿಗೆಗೆ ಹಾಕುವಾಗ ಇನ್ನೊಂದು ಚಿಟಿಕೆ. ಅರಿಶಿನ ಬೆಳೆಯದ ಈ ಕಾಲದಲ್ಲಿ ನಮ್ಮ ಹಣೆಯ ಕುಂಕುಮವೂ ಆ ಮಣ್ಣೇ. ಮೊದಮೊದಲು ಚಿಟಿಕೆ ಇದ್ದದ್ದು ಆಮೇಲೆ ಹಿಡಿಯಾಯಿತು. ನಮ್ಮ ಮನೆಯ ಗಡಿಗೆ ಪಕ್ಕದ ಮನೆಯದಕ್ಕಿಂತ ಕಳೆಯಾಗಿ ಕಾಣಬೇಕಲ್ಲ? ಮಂಡಳಿಯ ಅಧಿಕಾರಿ ಹಂಗಾಮಿಗೊಮ್ಮೆ ಬಂದು ಕೆಂಪಳಕವನ್ನು, ಅಂದರೆ ಬಣ್ಣ ನೋಡುವ ಗಾಜಿನ ಪಟ್ಟಿಯನ್ನು, ಗಡಿಗೆಯೊಳಗೆ ಅದ್ದಿ ನೋಡಿ, ಬಹಳ ಚೆನ್ನಾಗಿದೆ ತಾಯಿ ಎಂದು ಎಲೆ ಅಡಿಕೆ ತೆಗೆದುಕೊಂಡು ಹೋಗುತ್ತಿದ್ದ. ಕೆಂಪುಮಣ್ಣಿಗೆ ಆ ಬಣ್ಣ ಬರುವುದು ಅದರೊಳಗಿನ ಕಬ್ಬಿಣದ ತುಕ್ಕಿನಿಂದ ಎಂದು ಶಾಲೆಯಲ್ಲಿ ನಮಗೆಲ್ಲ ಕಲಿಸಿದ್ದರು. ತುಕ್ಕು ತಡೆಯಲು ತುಕ್ಕನ್ನೇ ಕುಡಿಯುತ್ತಿದ್ದೆವು. ಯಾರೂ ಮೋಸ ಮಾಡಲಿಲ್ಲ. ಇಡೀ ಊರು ಮರ್ಯಾದೆಯಿಂದ ನಡೆದುಕೊಂಡು ಹಾಳಾಯಿತು.

ಮೊದಲು, ನನ್ನಂಥ ಕೆಲವರನ್ನು ಬಿಟ್ಟರೆ, ಮುದುಕರ ಕಣ್ಣು ಹೋದವು, ವಯಸ್ಸು ಎಂದೆವು. ಆಮೇಲೆ ನಡುವಯಸ್ಸಿನವರದು, ಮೊಗಗೂಡು ಸರಿಯಾಗಿ ಹಾಕಿಕೊಳ್ಳುವುದಿಲ್ಲ ಎಂದು ಬೈದೆವು. ಆಮೇಲೆ ನನ್ನ ಮನೆಗೇ ಬಂತು. ನನ್ನ ಮಗಳು ಹೆರಿಗೆಯಲ್ಲಿ ತೀರಿಕೊಂಡಾಗ ಬಿಟ್ಟುಹೋದ ಕೂಸು ಕಸ್ತೂರಿ. ನಾನೇ ಸಾಕಿದ್ದು. ಈಗವಳಿಗೆ ಹತ್ತು ತುಂಬಿ ಹನ್ನೊಂದು. ನಮ್ಮ ಕಡೆ ಅಜ್ಜಿಗೆ ಅಮ್ಮ ಎನ್ನುತ್ತಾರೆ. ಒಂದು ಮಧ್ಯಾಹ್ನ ಚಪ್ಪರದ ಕೆಳಗೆ ಕೂತು ಜೋಳ ಹಸನು ಮಾಡುತ್ತಿದ್ದಾಗ ಅವಳು ತಲೆ ಎತ್ತಿ, "ಅಮ್ಮಾ, ಕತ್ತಲಾತು, ದೀಪ ಯಾಕ ಹಚ್ಚವಲ್ಲಿ?" ಎಂದಳು. ನಾನು ಮೊರ ಕೆಳಗಿಟ್ಟೆ. ಅಂದಿನಿಂದ ನನಗೆ ಬೇರೆ ಚಿಂತೆ ಇಲ್ಲ, ಈ ಕೂಸಿನ ಕಣ್ಣು ಉಳಿಯಬೇಕು ಅಷ್ಟೇ.

ಒಂದಕ್ಕೆ ಎರಡು ಬಟ್ಟಲು ಕುಡಿಸಿದೆ. ಅವಳಿಗೆ ಜ್ವರ ಬಂದು, ಕುಡಿಯದೆ ಬಿಟ್ಟ ಬಟ್ಟಲು ಹಾಸಿಗೆಯ ಪಕ್ಕದಲ್ಲಿ ಅಲ್ಲಾಡದೆ ಕೂತಿತ್ತು. ಕೆಂಪನ್ನು ಕಲಕಿ ಕುಡಿಯುವುದು ನಮ್ಮ ರೂಢಿ, ಹಾಗಾಗಿ ನಿಂತ ಕೆಂಪನ್ನು ನಾನು ನೋಡಿಯೇ ಇರಲಿಲ್ಲ. ಮೇಲೆಲ್ಲ ಅಕ್ಕಿ ತೊಳೆದ ಅಕ್ಕಚ್ಚಿನಂಥ ನೀರು, ತಳದಲ್ಲಿ ಕೆಂಪು ಗಸಿ. ಬೆರಳಲ್ಲಿ ಉಜ್ಜಿ ನೋಡಿದರೆ ಚರಚರ ಮಣ್ಣು. ಪಕ್ಕದ ಮನೆ ಬಾಳವ್ವನ ಗಡಿಗೆ ನೋಡಿದೆ, ಅದೂ ಹಾಗೇ. ಬಾಳವ್ವ ಒಳ್ಳೆಯವಳು, ಓಣಿಯಲ್ಲಿ ಯಾರ ಮನೆಯಲ್ಲಿ ಸಾವು ನೋವಾದರೂ ಮೊದಲು ಸೆರಗು ಕಟ್ಟಿ ನಿಲ್ಲುವವಳು. ಅವಳು ಬಟ್ಟಲು ಕಲಕಿ ನನಗೆ ತೋರಿಸಿ, "ಸುಮ್ನಿರವ್ವಾ, ನಿನಗ ಏನರೇ ಒಂದು ಸಂಶಯ. ಇಷ್ಟ್ ಕೆಂಪ ಐತಿ, ಮತ್ತೇನ ಬೇಕು?" ಎಂದಳು.

ಆಗ ನನಗೆ ನಿಂಬೆವ್ವನ ನೆನಪಾಯಿತು. ಓಣಿಯ ಕೊನೆಯ ಮನೆಯವಳು, ನನಗಿಂತ ಹಿರಿಯಳು. ಮದುವೆಯಾದ ವರ್ಷವೇ ಗಂಡ ಮರಳುಗುಂಡಿ ಕುಸಿದು ಸತ್ತ. ಅಂದಿನಿಂದ ಅವಳಿಂದ ಹೆಪ್ಪು ತೆಗೆದುಕೊಂಡವರಿಲ್ಲ, ಅವಳಿಗೆ ಕೊಟ್ಟವರೂ ಇಲ್ಲ. ಮುತ್ತೈದೆಯರ ಗಡಿಗೆಗೆ ಗಂಡ ಸತ್ತವಳ ಹೆಪ್ಪು ಬೀಳುವುದುಂಟೇ? ಇಷ್ಟೆಲ್ಲ ಕಾಲ ಕಳೆದರೂ ಇದೊಂದು ಉಳಿದಿದೆಯೇ ಎಂದು ನೀವು ಮೂಗಿನ ಮೇಲೆ ಬೆರಳಿಡಬಹುದು. ಇಡಬೇಡಿ. ಆಕಾಶ ಹೋಯಿತು, ಹೊಳೆ ಹೋಯಿತು, ಅರಿಶಿನ ಹೋಯಿತು, ಇದು ಮಾತ್ರ ಗಟ್ಟಿಯಾಗಿ ಉಳಿದಿದೆ. ನಿಮ್ಮಿಂದಲೇ ಬಂದದ್ದು. ಆದರೆ ಅದೇ ನಿಂಬೆವ್ವ ಕಟ್ಟೆಯ ಮೇಲೆ ಕೂತು, ಯಾರ ಸಹಾಯವೂ ಇಲ್ಲದೆ ಸೂಜಿಗೆ ದಾರ ಪೋಣಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಕಂಡೂ ಯೋಚಿಸಿರಲಿಲ್ಲ.

ಹೋದೆ. ಅವಳು ಬಾಗಿಲಲ್ಲೇ ನಿಂತು ನನ್ನನ್ನು ಮೇಲೆ ಕೆಳಗೆ ನೋಡಿ, "ಇಷ್ಟ್ ವರ್ಷಕ್ಕ ದಾರಿ ತಪ್ಪಿ ಬಂದಿಯೇನ ಫಕೀರೀ?" ಎಂದಳು. ವಿಷಯ ಹೇಳಿದೆ. ಒಳಗೆ ಕರೆದು ಸಾಲಾಗಿ ಇಟ್ಟ ನಾಲ್ಕಾರು ಸಣ್ಣ ಗಡಿಗೆ ತೋರಿಸಿದಳು. ಗಂಡ ಸತ್ತವಳು ಕೆಂಪುಮಣ್ಣು ಮುಟ್ಟುವಂತಿಲ್ಲ, ಆದ್ದರಿಂದ ಗಂಡ ಹೋದಂದಿನಿಂದ ಅವಳ ಗಡಿಗೆಗೆ ಅದು ಬಿದ್ದಿಲ್ಲ. ಯಾವ ಗಡಿಗೆ ಬಿಳಿಚಿತೋ ಅದು ಕಣ್ಣಿಗೆ ನೇರ ಕಾಣುತ್ತಿತ್ತು. ಅದನ್ನು ಆಡಿಗೆ ಕುಡಿಸಿ, ಗಡಿಗೆ ಒಡೆದು, ಇದ್ದುದರಲ್ಲಿ ಕಡುಕೆಂಪಿನದರಿಂದ ಹೊಸ ಗಡಿಗೆಗೆ ಹೆಪ್ಪು ಹಾಕುತ್ತಿದ್ದಳು. ಇದರಲ್ಲಿ ವಿದ್ಯೆಯೇನೂ ಇಲ್ಲ. ನೋಡಬಾರದೆಂದು ನಾವು ಬಣ್ಣ ಬಳಿದುಕೊಂಡದ್ದನ್ನು ಅವಳು ನೋಡುತ್ತಿದ್ದಳು, ಅಷ್ಟೇ. ನಿಜವಾದ ಕೆಂಪನ್ನು ನಾನು ಆ ದಿನ ಮೊದಲ ಸಲ ಕಂಡೆ. ಕಲಕದೆಯೂ ಕೆಂಪಾಗಿತ್ತು. ನಾಲಿಗೆಗೆ ಮಣ್ಣು ಸಿಗಲಿಲ್ಲ. ನನಗೆ ಅಳು ಬಂತು, ಅತ್ತೆ.

"ಕೂಸು ದಿನಾ ಬರಲಿ, ಕುಡಿಸತೀನಿ," ಎಂದಳು ನಿಂಬೆವ್ವ. "ಆದ್ರ ಹೆಪ್ಪು ಒಯ್ದು ಏನ್ ಮಾಡ್ತಿ? ನಿಮ್ಮ ಗಡಿಗಿಯ ಮೈಯಾಗೆಲ್ಲ ಬಿಳಿಚು ಕುಂತೈತಿ. ನನ್ನದನ್ನ ನುಂಗಿಬಿಡತೈತಿ." ನಾನು ಕೇಳಲಿಲ್ಲ, ಒಂದು ಬಟ್ಟಲು ಒಯ್ದು ಹಾಕಿದೆ. ವಾರ ಕಳೆಯುವುದರೊಳಗೆ ಅಕ್ಕಚ್ಚಾಯಿತು. ಹೊಸ ಗಡಿಗೆ ತಂದು ಹಾಕಿದರೂ ಬಾಳವ್ವನ ಮನೆಯ ಸೌಟು ಬಂದು ಹೋಯಿತು, ಮತ್ತೆ ಅದೇ ಪಾಡು. ನಮ್ಮ ಓಣಿಯಲ್ಲಿ ಸೌಟು, ಬಟ್ಟಲು, ಕೈ ಎಲ್ಲವೂ ಎಲ್ಲರವೂ. ಓಣಿಯ ಗಡಿಗೆಗಳನ್ನೆಲ್ಲ ಒಂದೇ ದಿನ ಒಡೆದು, ಎಲ್ಲರೂ ಹೊಸ ಗಡಿಗೆಯಲ್ಲಿ ನಿಂಬೆವ್ವನ ಹೆಪ್ಪು ಹಾಕಿದರೆ ಮಾತ್ರ ಅದು ನಿಲ್ಲುತ್ತದೆ. ಬೇರೆ ದಾರಿಯೇ ಇಲ್ಲ.

ಅಲ್ಲಿಯವರೆಗೆ ಕಸ್ತೂರಿ ದಿನಾ ಬೆಳಿಗ್ಗೆ ಕೊನೆಯ ಮನೆಗೆ ಹೋಗಿ ಕುಡಿದು ಬರುತ್ತಿದ್ದಳು. ತುಟಿಯ ಸುತ್ತ ಕೆಂಪಾಗಿರುತ್ತಿತ್ತು, ಒರೆಸಲು ಬಿಡುತ್ತಿರಲಿಲ್ಲ. ಮೊದಲು ಬಾಗಿಲ ಚೌಕಟ್ಟು ಕಂಡಿತು. ಆಮೇಲೆ ನನ್ನ ಮೂಗುಬೊಟ್ಟು. ಒಂದು ದಿನ ಮೊರದಲ್ಲಿ ಜೋಳದ ನಡುವೆ ಇದ್ದ ಕಲ್ಲನ್ನು ನನಗಿಂತ ಮೊದಲು ಆರಿಸಿ ನನ್ನ ಅಂಗೈಯಲ್ಲಿಟ್ಟಳು. ಆ ಸಂತೋಷವನ್ನು ಹೇಗೆ ಬರೆಯಲಿ! ಮುದುಕಿ ಎಂಬುದನ್ನೂ ಮರೆತು ಕುಣಿದಿದ್ದೆ.

ಓಣಿಯ ಹಿರಿಯ ತಿರಕಪ್ಪನಿಗೆ ಹೇಳಿದಾಗ ಅವನು ಪಂಚರನ್ನು ಸೇರಿಸಿದ. ಹೆಪ್ಪು ಗಂಡ ಸತ್ತವಳದು ಎಂಬುದು ಒಂದು ತೊಡಕು. ಅದಕ್ಕಿಂತ ದೊಡ್ಡದು ಗಡಿಗೆ ಒಡೆಯುವುದು. ನಮ್ಮಲ್ಲಿ ಮನೆಯ ಗಡಿಗೆ ಒಡೆಯುವುದು ಹೆಣ ಎತ್ತುವಾಗ. "ಓಣಿಗೆಲ್ಲ ಗಡಿಗಿ ಒಡೀ ಅಂತೀಯಲ್ಲ, ಓಣಿ ಎಲ್ಲಾ ಸತ್ತೈತೇನ?" ಎಂದ ತಿರಕಪ್ಪ. "ಸಾಯೂದಿಲ್ಲ, ಕುರುಡಾಗತೈತಿ," ಎಂದೆ. ಅಮಾವಾಸ್ಯೆ ಕಳೆಯಲಿ ಎಂದರು. ಕಳೆಯಿತು. ಮದುವೆಯ ದಿನಗಳು ಮುಗಿಯಲಿ ಎಂದರು. ಮುಗಿದವು. ಮಂಡಳಿಗೆ ಒಂದು ಮಾತು ಕೇಳೋಣ ಎಂದರು. ಮಂಡಳಿಯವ ಬಂದು ಕೆಂಪಳಕ ಅದ್ದಿ ಬಹಳ ಚೆನ್ನಾಗಿದೆ ಎಂದು ಹೋದ. ಹೀಗೇ ಇಡೀ ಬೇಸಿಗೆ ಎಳೆಯಿತು, ನಮ್ಮ ಬೇಸಿಗೆಯ ಉದ್ದ ನಿಮಗೆ ಗೊತ್ತಾಗಿದೆಯಲ್ಲ. ಕೊನೆಗೆ ತಿರಕಪ್ಪನ ಕಿರಿಯ ಮಗ ಹಾಡಹಗಲು ಬಾವಿಯ ಕಟ್ಟೆ ಎಡವಿ ಬಿದ್ದ. ಮರುದಿನವೇ ಒಪ್ಪಿಗೆ ಸಿಕ್ಕಿತು. ನಾನು ನಿಂಬೆವ್ವನಿಗೆ ಓಡಿಹೋಗಿ ಹೇಳಿದೆ. ಅವಳು ನಗಲಿಲ್ಲ. "ಹಾಡಹಗಲ ಕೊಡತೀನಿ, ಒಬ್ಬೊಬ್ಬರ ಕೈಯಾಗ. ಎಲ್ಲಾರೂ ನನ್ನ ಹೊಸ್ತಿಲ ಮಟ ಬರಬೇಕು," ಎಂದಳು. ಬೇಡಿದ್ದು ಅಷ್ಟೇ. ಆಮೇಲೆ ಎದ್ದು ಪೆಟ್ಟಿಗೆಯಿಂದ ಒಂದು ಹೊಸ ಸೀರೆ ತೆಗೆದು ಬಿಸಿಲು ಬೀಳದ ಕಡೆ ಗಾಳಿಗೆ ಹಾಕಿದಳು.

ಹೊಸ ಗಡಿಗೆ ತರಲು ಕುಂಬಾರರ ಊರಿಗೆ ನಾನು ಗಾಡಿ ಕಟ್ಟಿಸಿಕೊಂಡು ಹೋದೆ. ಕಸ್ತೂರಿಯೂ ಹಟ ಮಾಡಿ ಬಂದಳು. ಹೋಗಿ ಬರಲು ನಾಲ್ಕು ದಿನ. ನಿಂಬೆವ್ವ ಅವಳಿಗೆಂದು ಬುತ್ತಿಯ ಜೊತೆ ಕುಡಿಯುವಷ್ಟು ಕೆಂಪನ್ನು ಒಣ ಸೋರೆಯ ಬುರುಡೆಯಲ್ಲಿ ತುಂಬಿ ಕೊಟ್ಟಿದ್ದಳು. ಬರುವ ದಾರಿಯಲ್ಲಿ ಕಸ್ತೂರಿ ಕೊನೆಯ ಗುಟುಕು ಕುಡಿದು ಬುರುಡೆ ತೊಳೆದು ಗಾಡಿಗೆ ತೂಗುಹಾಕಿದಳು. ಊರ ಬಾಯಿಗೆ ಬಂದಾಗ ಅವಳೇ ಮೊದಲು ಕಂಡದ್ದು. "ಅಮ್ಮಾ, ಗಟಾರ ನೋಡು, ಎಷ್ಟ್ ಚೆಂದ ಆಗೇತಿ!" ಎಂದಳು. ಓಣಿಯ ಗಟಾರದ ಉದ್ದಕ್ಕೂ ಕಡುಕೆಂಪು ನೀರು ಹರಿದು ಸೆಕೆಗೆ ಒಣಗುತ್ತಿತ್ತು.

ಹಿಂದಿನ ದಿನ ಝಳ ತಗುಲಿ ನಿಂಬೆವ್ವ ತೀರಿಕೊಂಡಿದ್ದಳು. ಬದುಕಿದ್ದಾಗ ಅವಳ ಹೊಸ್ತಿಲು ತುಳಿಯದವರು ಸತ್ತ ಮೇಲೆ ಒಬ್ಬರೂ ತಪ್ಪದೆ ಬಂದರಂತೆ. ಹೆಣಕ್ಕೆ ನೀರೆರೆದು ಮೀಸಿದರು, ಗಾಳಿಗೆ ಹಾಕಿದ್ದ ಆ ಹೊಸ ಸೀರೆಯನ್ನೇ ಉಡಿಸಿದರು, ಎತ್ತಿದರು. ಆಮೇಲೆ ಬಾಳವ್ವ ಸೆರಗು ಕಟ್ಟಿ ಮುಂದೆ ನಿಂತು ಮನೆ ತೊಳೆಸಿದಳು. ಸಾವಿನ ಮನೆಯಲ್ಲಿ ತುಂಬಿಟ್ಟ ನೀರು, ಅಂಬಲಿ, ಹೆಪ್ಪು ಯಾವುದೂ ಉಳಿಯಬಾರದು. ಒಂದೊಂದೇ ಗಡಿಗೆ ಹೊರಗೆ ತಂದು ಗಟಾರಕ್ಕೆ ಸುರಿದು ಒಡೆದರು. ಓಣಿಯವರೆಲ್ಲ ಆ ಹೆಪ್ಪಿಗಾಗಿ ಕಾಯುತ್ತಿದ್ದರು, ಅದೇ ಓಣಿಯವರು ಸುರಿದರು. ಒಬ್ಬರ ಕೈಯೂ ತಡೆಯಲಿಲ್ಲ. ನಾನು ಬಾಳವ್ವನ ರಟ್ಟೆ ಹಿಡಿದು ಅಲುಗಿಸಿ ಕೂಗಾಡಿದೆ. ಅವಳು ಕಣ್ಣು ತುಂಬಿಕೊಂಡು, "ನಾವೇನ್ ತಪ್ಪ ಮಾಡೀವೆವ್ವಾ? ಎಲ್ಲಾರ ಮನ್ಯಾಗ ಮಾಡೂದನ್ನ ಅಕಿಗೂ ಮಾಡೀವಿ. ಅಕಿ ಒಬ್ಬಾಕಿ ಅಂತ ಏನೂ ಕಡಿಮಿ ಮಾಡಿಲ್ಲ," ಎಂದಳು. ನಿಜ ಹೇಳುತ್ತೇನೆ, ಅವಳನ್ನು ಹೊಡೆಯಲು ಎತ್ತಿದ ಕೈ ಅಲ್ಲೇ ನಿಂತಿತು. ಇಷ್ಟು ಪ್ರೀತಿಯಿಂದ ಮಾಡಿದ ತಪ್ಪನ್ನು ಬೈಯುವುದು ಹೇಗೆಂದು ನನಗೆ ಇನ್ನೂ ತಿಳಿದಿಲ್ಲ.

ಗಾಡಿಯಿಂದ ಹೊಸ ಗಡಿಗೆ ಇಳಿಸಿ ಗಟಾರದ ಕೆಸರನ್ನು ಕೈಯಿಂದ ಬಾಚಿ ತುಂಬಿದೆ. ಒಡೆದ ಚೂರುಗಳನ್ನು ಕೆರೆದು ಗಂಜಿಗೆ ಹಾಕಿದೆ. ತೊಳೆದ ಆ ಬುರುಡೆಯಲ್ಲಿ ಗಂಜಿ ಹುಯ್ದು ಕಾದೆ. ಸುತ್ತಲಿನ ಊರುಗಳಿಗೆಲ್ಲ ಬಟ್ಟಲು ಹಿಡಿದು ಅಲೆದೆ, ಕಲಕದೆ ತೋರಿಸಿ ಎಂದು ಬೇಡಿದೆ. ಎಲ್ಲ ಕಡೆಯೂ ಮೇಲೆ ನೀರು, ತಳದಲ್ಲಿ ಮಣ್ಣು. ಕಸ್ತೂರಿಗೆ ಮೊದಲು ಮೂಗುಬೊಟ್ಟು ಹೋಯಿತು, ಆಮೇಲೆ ಬಾಗಿಲು. ಹೋದ ವರ್ಷದ ಮಳೆಗಾಲ ಬರುವ ಹೊತ್ತಿಗೆ ನನ್ನ ಮುಖವೂ ಹೋಯಿತು. ಈಗ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಯಾರಿಗೆ ಬರೀಲಿಕ್ಕತ್ತಿ ಎಂದು ಕೇಳಿದಳು. ಬಹಳ ಹಿಂದಿನವರಿಗೆ ಎಂದೆ. "ಅವರ ಕಡೆ ಹೆಪ್ಪು ಐತೇನ?" ಎಂದಳು. ಐತಿ ಎಂದೆ. "ಹಂಗಾರ ಸ್ವಲ್ಪ ಇಟ್ಟಿರ್ರಿ ಅಂತ ಬರಿ," ಎಂದು ಮೊಣಕಾಲಿಗೆ ಒರಗಿದಳು.

ಅದಕ್ಕೇ ಬರೆಯುತ್ತಿದ್ದೇನೆ, ಹಿರಿಯರೇ. ನಿಮ್ಮಲ್ಲಿ ಯಾರೋ ಈಗ ಗಾಜಿನ ಬಟ್ಟಲಲ್ಲಿ ಆ ಯೀಸ್ಟನ್ನು ಸಾಕುತ್ತಿದ್ದೀರಿ, ಅದು ಕೆಂಪಾದದ್ದು ಕಂಡು ಚಪ್ಪಾಳೆ ತಟ್ಟುತ್ತಿದ್ದೀರಿ. ತಟ್ಟಿ, ಬೇಡ ಎನ್ನುವುದಿಲ್ಲ. ಬಣ್ಣವನ್ನೇ ನಂಬಿ ಅಳೆಯುವ ಪಟ್ಟಿಯನ್ನು ಮಾತ್ರ ಯಾರ ಕೈಗೂ ಕೊಡಬೇಡಿ. ಮೂಲ ಹೆಪ್ಪನ್ನು ಒಂದೇ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಬೇಡಿ, ಮನೆಮನೆಗೂ ಕೊಡಿ. ನೀವು ಯಾರ ಮನೆಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲವೋ ಆ ಮನೆಗೆ ಮೊದಲು ಕೊಡಿ. ಅದು ನನ್ನ ಕಸ್ತೂರಿಯವರೆಗೆ ಬರಬೇಕಾದರೆ ಎಷ್ಟೋ ತಲೆಮಾರಿನ ಎಷ್ಟೋ ಮನೆಗಳನ್ನು ದಾಟಬೇಕು, ಅಷ್ಟು ಮನೆಗಳಲ್ಲೂ ಒಂದಲ್ಲ ಒಂದು ದಿನ ಯಾರೋ ಸಾಯುತ್ತಾರೆ. ಆ ದಿನ ಹೆಣದ ಸುತ್ತ ಕೂತು ಅಳಿ, ಮೀಸಿ, ಮಾಡುವ ಶಾಸ್ತ್ರವೆಲ್ಲ ಮಾಡಿ. ನಿಮ್ಮಲ್ಲಿ ಒಬ್ಬರು ಮಾತ್ರ, ಅಳುತ್ತಾ ಇದ್ದರೂ ಸರಿಯೇ, ಎದ್ದು ಒಳಗೆ ಹೋಗಿ ಗಡಿಗೆಗೆ ಅಡ್ಡ ಕೂತುಕೊಳ್ಳಿ.